ಕಾಂಕ್ರೀಟಿನಲ್ಲಿ ಮುರಿದ ಬೇಲಿಕಂಬವನ್ನು ತೆಗೆಯುವ ಬಗೆ

ಬಿಜೂರು ಮತ್ತು ಸುತ್ತಲಿನ ಊರುಗಳಲ್ಲಿ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಕಾಂಕ್ರೀಟಿನಲ್ಲಿ ಹೂತ ಮರದ ಕಂಬದ ಬುಡದಲ್ಲಿ ನೀರು ಬಟ್ಟಲಲ್ಲಿ ನಿಂತಂತೆ ನಿಂತು, ಶಿಲೀಂಧ್ರ ಬೆಳೆದು, ಕಂಬ ನೆಲಮಟ್ಟದಲ್ಲಿ ಮುರಿಯುತ್ತದೆ. ಒಂದು ಕಂಬ ಬಿದ್ದರೂ ತಂತಿ ಸಡಿಲವಾಗಿ ದನಕರುಗಳು ಭತ್ತದ ಸಸಿಮಡಿಗೆ ನುಗ್ಗುತ್ತವೆ. ಆದ್ದರಿಂದ ಮಳೆಗಾಲಕ್ಕೆ ಮೊದಲೇ ದುರಸ್ತಿ ಮಾಡಿಕೊಳ್ಳಬೇಕು.

ಕ್ರಮ:

1. ತಂತಿ ಬಿಚ್ಚಿ. ಪಂಪಿನ ಕೊಳವೆ, ವಿದ್ಯುತ್ ತಂತಿ ಅಲ್ಲಿ ಹೂತಿಲ್ಲವೆಂದು ಖಚಿತಪಡಿಸಿಕೊಳ್ಳಿ.

2. ಕಾಂಕ್ರೀಟು ಗಟ್ಟಿಯಾಗಿದ್ದು ತಳ ತೆರೆದಿದ್ದರೆ ಅದನ್ನು ಕೀಳಬೇಕಾಗಿಲ್ಲ. ಕೊಳೆತ ಮರವನ್ನು ಉಳಿ, ಸುತ್ತಿಗೆಗಳಿಂದ ಸೀಳಿ ತೆಗೆದು ಅಷ್ಟೇ ದಪ್ಪದ ಹೊಸ ಕಂಬವನ್ನು ಇಳಿಸಿ.

3. ಕಾಂಕ್ರೀಟು ಬಿರುಕು ಬಿಟ್ಟಿದ್ದರೆ ಹಿಂದಿನ ಸಂಜೆ ಸುತ್ತ ನೀರು ಹೊಯ್ದು, ಮರುದಿನ ಪಿಕಾಸಿಯಿಂದ ಒಂದು ಬದಿಯ ಮಣ್ಣನ್ನು ತಳದವರೆಗೆ ಅಗೆಯಿರಿ.

4. ಹಾರೆಯ ತುದಿಯನ್ನು ಕಾಂಕ್ರೀಟಿನ ಅಡಿಗೆ ತೂರಿಸಿ, ತುದಿಯಿಂದ ಅರ್ಧ ಅಡಿ ದೂರದಲ್ಲಿ ಗಟ್ಟಿ ಕಲ್ಲನ್ನು ಆಧಾರವಾಗಿಡಿ. 5 ಅಡಿ ಹಾರೆಯಲ್ಲಿ ನೀವು ಹಾಕಿದ ಬಲ 9 ಪಟ್ಟಾಗುತ್ತದೆ. ಎದ್ದಷ್ಟಕ್ಕೆ ಕೆಳಗೆ ಕಲ್ಲು ತುಂಬುತ್ತಾ ಬನ್ನಿ.

ಒಂದು ಘನ ಅಡಿ ಕಾಂಕ್ರೀಟು ಸುಮಾರು 68 ಕಿ.ಗ್ರಾಂ ತೂಗುತ್ತದೆ. ಒಬ್ಬರೇ ಎತ್ತಬೇಡಿ, ಒಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಗುಂಡಿಯನ್ನು ರಾತ್ರಿ ತೆರೆದು ಬಿಡಬೇಡಿ.

ಹೊಸ ಕಂಬದ ಬುಡಕ್ಕೆ ಅರ್ಧ ಅಡಿ ಜಲ್ಲಿ ಹಾಸಿ, ಕಂಬ ಅದರ ಮೇಲೆ ನಿಲ್ಲುವಂತೆ ಸುತ್ತಲೂ ಮಾತ್ರ ಕಾಂಕ್ರೀಟು ಹಾಕಿ. ಕಾಂಕ್ರೀಟಿನ ಮೇಲ್ಭಾಗವನ್ನು ನೆಲಕ್ಕಿಂತ ತುಸು ಎತ್ತರಿಸಿ, ಹೊರಕ್ಕೆ ಇಳಿಜಾರು ಕೊಡಿ. ನೀರು ಬಸಿದು ಹೋದರೆ ಕಂಬದ ಬಾಳಿಕೆ ಹೆಚ್ಚುತ್ತದೆ.