ಬ್ರಿಟನ್ನಿನ ನಿರ್ಗಮನ: ರಾಷ್ಟ್ರಭಾವನೆಯ ಲೆಕ್ಕ, ವ್ಯಾಪಾರದ ಲೆಕ್ಕ

2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ನಡೆದ ಜನಮತಗಣನೆಯಲ್ಲಿ ಶೇ. 51.9ರಷ್ಟು ಮತದಾರರು ಐರೋಪ್ಯ ಒಕ್ಕೂಟದಿಂದ ಹೊರಬರಬೇಕೆಂದೂ ಶೇ. 48.1ರಷ್ಟು ಮತದಾರರು ಒಳಗೇ ಉಳಿಯಬೇಕೆಂದೂ ತೀರ್ಪಿತ್ತರು. ಪೌಂಡಿನಲ್ಲಿ ಬೆಲೆ ನಿಗದಿಪಡಿಸಿ ಮಾಲು ಕಳುಹಿಸಿದ್ದ ನಮ್ಮ ರಫ್ತುದಾರರಿಗೆ ಈ ತೀರ್ಪಿನ ಬಿಸಿ ಮೊದಲು ತಟ್ಟಿದ್ದು ವಿನಿಮಯ ದರದಲ್ಲಿ. 100 ರೂಪಾಯಿಯ ಆಸುಪಾಸಿನಲ್ಲಿದ್ದ ಪೌಂಡು ಎರಡು ವಾರಗಳೊಳಗೆ 90 ರೂಪಾಯಿಗಿಂತ ಕೆಳಗಿಳಿದಿತ್ತು. ಆ ನಷ್ಟ ಒಂದು ಋತುವಿನದು. ಆದರೆ ವ್ಯಾಪಾರದಿಂದಲೇ ಬೆಳೆದ ಒಂದು ರಾಷ್ಟ್ರ ತನ್ನ ಅತಿದೊಡ್ಡ ಮಾರುಕಟ್ಟೆಯ ಬಾಗಿಲನ್ನು ತಾನೇ ಅರ್ಧ ಮುಚ್ಚಿಕೊಂಡದ್ದೇಕೆ, ಅದರ ಬೆಲೆಯನ್ನು ಯಾರು ತೆತ್ತರು ಎಂಬ ಪ್ರಶ್ನೆಗಳು ವ್ಯಾಪಾರಸ್ಥರಾದ ನಮಗೆ ಇಂದಿಗೂ ವಿಚಾರಾರ್ಹವಾಗಿವೆ.

ಅಲ್ಲಿನ ಉದ್ಯಮ ವಲಯದ ಬಹುಭಾಗ ಒಳಗುಳಿಯುವ ಪರವಾಗಿತ್ತು. ಬ್ರಿಟಿಷ್ ಕೈಗಾರಿಕಾ ಒಕ್ಕೂಟ ಬಹಿರಂಗವಾಗಿಯೇ ಹಾಗೆ ಸಲಹೆ ನೀಡಿತ್ತು. ನಮ್ಮಂತಹ ಸಂಸ್ಥೆಗಳ ಮಾತೃಸಂಸ್ಥೆಯಾದ ಬ್ರಿಟಿಷ್ ವಾಣಿಜ್ಯ ಮಂಡಳಿಗಳ ಸಂಘವು ಮಾತ್ರ, ಸದಸ್ಯರಲ್ಲಿ ಭಿನ್ನಾಭಿಪ್ರಾಯವಿದ್ದುದರಿಂದ, ತಟಸ್ಥವಾಗಿ ಉಳಿಯಿತು. ಅದರ ಮಹಾನಿರ್ದೇಶಕ ಜಾನ್ ಲಾಂಗ್‌ವರ್ತ್ 2016ರ ಮಾರ್ಚ್‌ನಲ್ಲಿ ನಿರ್ಗಮನದ ಪರವಾಗಿ ಮಾತನಾಡಿ ಅಮಾನತಿಗೊಳಗಾದರು, ಬಳಿಕ ರಾಜೀನಾಮೆ ಸಲ್ಲಿಸಿದರು. ವಾಣಿಜ್ಯ ಮಂಡಳಿಯೊಂದರೊಳಗೇ ಇಷ್ಟು ಬಿರುಕು ಮೂಡಬೇಕಾದರೆ ವಿಷಯ ಲಾಭನಷ್ಟದ ಪಟ್ಟಿಯನ್ನು ಮೀರಿತ್ತೆಂದೇ ಅರ್ಥ. ಇನ್ನೂ ಸ್ಪಷ್ಟವಾದ ನಿದರ್ಶನ ಸಂಡರ್‌ಲೆಂಡ್ ನಗರದ್ದು. 1986ರಿಂದ ಅಲ್ಲಿ ಕಾರು ತಯಾರಿಸುತ್ತಿರುವ ನಿಸ್ಸಾನ್ ಕಾರ್ಖಾನೆಗೆ ಯೂರೋಪಿನ ಭೂಖಂಡವೇ ಮುಖ್ಯ ಮಾರುಕಟ್ಟೆ. ಆ ನಗರದಲ್ಲಿ ನಿರ್ಗಮನದ ಪರ ಬಿದ್ದ ಮತ ಶೇ. 61.3.

ಇದನ್ನು ಅವಿವೇಕವೆಂದು ತಳ್ಳಿಹಾಕುವುದು ಸುಲಭ. ಅಂದಿನ ಬಹುಪಾಲು ಅರ್ಥಶಾಸ್ತ್ರಜ್ಞರು ಹಾಗೆಯೇ ಮಾಡಿದರು. ಅದು ಸರಿಯಾದ ಓದಲ್ಲವೆಂದು ನಮ್ಮ ಭಾವನೆ. ಬ್ರಿಟನ್ 1973ರ ಜನವರಿ 1ರಂದು ಸೇರಿದ್ದು ಐರೋಪ್ಯ ಆರ್ಥಿಕ ಸಮುದಾಯವನ್ನು. 1975ರ ಜನಮತಗಣನೆಯಲ್ಲಿ ಶೇ. 67ರಷ್ಟು ಮಂದಿ ಅದನ್ನು ಅನುಮೋದಿಸಿದಾಗ ಜನಸಾಮಾನ್ಯರ ಬಾಯಲ್ಲಿದ್ದ ಹೆಸರು 'ಸಾಮಾನ್ಯ ಮಾರುಕಟ್ಟೆ'. ಅಂದರೆ ಅದು ಅಂಗಡಿಯ ಒಪ್ಪಂದ, ಮನೆಯ ಸಂಬಂಧವಲ್ಲ. ಜರ್ಮನಿ, ಫ್ರಾನ್ಸ್‌ಗಳಿಗೆ ಐಕ್ಯವೆಂಬುದು ಎರಡು ಮಹಾಯುದ್ಧಗಳ ಗಾಯಕ್ಕೆ ಹಚ್ಚಿದ ಮುಲಾಮಾಗಿತ್ತು. ಆ ಯುದ್ಧಗಳಲ್ಲಿ ಶತ್ರುಸೇನೆಯ ವಶವಾಗದೆ ಉಳಿದ ಬ್ರಿಟನ್ನಿಗೆ ಅಂತಹ ಭಾವನೆ ಬೆಳೆಯಲೇ ಇಲ್ಲ. ಯೂರೋ ನಾಣ್ಯವನ್ನೂ ಗಡಿಮುಕ್ತ ಷೆಂಗೆನ್ ವ್ಯವಸ್ಥೆಯನ್ನೂ ಅದು ಒಪ್ಪಿಕೊಳ್ಳಲಿಲ್ಲ. ವಿಚಿತ್ರವೆಂದರೆ, 1993ರಲ್ಲಿ ಜಾರಿಗೆ ಬಂದ ಏಕೀಕೃತ ಮಾರುಕಟ್ಟೆಯ ನೀಲನಕ್ಷೆಯನ್ನು ಬ್ರಸೆಲ್ಸ್‌ನಲ್ಲಿ ರೂಪಿಸಿದವರು ಮಾರ್ಗರೆಟ್ ಥ್ಯಾಚರ್ ಅವರೇ ಕಳುಹಿಸಿದ್ದ ಲಾರ್ಡ್ ಕಾಕ್‌ಫೀಲ್ಡ್. ತಾನೇ ಕಟ್ಟಿಸಿದ ಸಂತೆಮಾಳದಿಂದ ಬ್ರಿಟನ್ ಎದ್ದು ಬಂತು.

ಮತಗಳ ಹಂಚಿಕೆಯನ್ನು ಗಮನಿಸಿದರೆ ರಾಷ್ಟ್ರಭಾವನೆಯ ಪಾತ್ರ ಎದ್ದು ಕಾಣುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ ಹೊರಬರುವ ಪರ; ಸ್ಕಾಟ್ಲೆಂಡ್ ಶೇ. 62, ಉತ್ತರ ಐರ್ಲೆಂಡ್ ಶೇ. 55.8ರಷ್ಟು ಉಳಿಯುವ ಪರ. ಮತದಾನದ ವೇಳೆ ಲಾರ್ಡ್ ಆಶ್‌ಕ್ರಾಫ್ಟ್ ನಡೆಸಿದ ಸಮೀಕ್ಷೆಯಲ್ಲಿ, ತಾವು ಇಂಗ್ಲಿಷರು, ಬ್ರಿಟಿಷರಲ್ಲ ಎಂದು ಹೇಳಿಕೊಂಡವರ ಪೈಕಿ ಶೇ. 79ರಷ್ಟು ಮಂದಿ ನಿರ್ಗಮನಕ್ಕೆ ಮತ ಹಾಕಿದ್ದರು. ಹೊರಬರಲು ಮತ ಹಾಕಿದವರಲ್ಲಿ ಅರ್ಧದಷ್ಟು ಮಂದಿ ಕೊಟ್ಟ ಪ್ರಧಾನ ಕಾರಣ, ತಮ್ಮ ದೇಶದ ನಿರ್ಣಯಗಳು ತಮ್ಮ ದೇಶದಲ್ಲಿಯೇ ಆಗಬೇಕೆಂಬುದು. 2004ರ ನಂತರ ಪೂರ್ವ ಯೂರೋಪಿನಿಂದ ಬಂದ ಕಾರ್ಮಿಕರ ವಿಚಾರ ಎರಡನೆಯದಾಗಿತ್ತು. ಅಂತಹ ವಲಸೆ ಹೆಚ್ಚಾಗಿದ್ದ ಲಿಂಕನ್‌ಷೈರಿನ ಬಾಸ್ಟನ್ ಪಟ್ಟಣದಲ್ಲಿ ನಿರ್ಗಮನದ ಪರ ಶೇ. 75.6 ಮತ ಬಿದ್ದಿತು. ಒಳಗುಳಿಯುವ ಪಕ್ಷದವರು ಕುಟುಂಬಕ್ಕೆ ಎಷ್ಟು ಪೌಂಡು ನಷ್ಟವೆಂದು ಲೆಕ್ಕ ಒಪ್ಪಿಸುತ್ತಿದ್ದರೆ ಮತದಾರ 'ಈ ಮನೆಯ ಯಜಮಾನ ಯಾರು' ಎಂದು ಕೇಳುತ್ತಿದ್ದ. ಸ್ವಾತಂತ್ರ್ಯಕ್ಕೆ ಮುನ್ನ ನಾವೂ ಲಾಭನಷ್ಟದ ಪಟ್ಟಿ ನೋಡಿ ನಿರ್ಧರಿಸಿದವರಲ್ಲ. ಎರಡು ಸಂದರ್ಭಗಳು ಸಮಾನವಲ್ಲ, ಬ್ರಿಟನ್ ಯಾರ ಅಧೀನವೂ ಆಗಿರಲಿಲ್ಲ. ಆದರೂ ಪ್ರಶ್ನೆಯ ಜಾತಿ ಒಂದೇ.

ಈ ಭಾವನೆಯ ಲಾಂಛನವಾದದ್ದು ಪಾಸ್‌ಪೋರ್ಟಿನ ಬಣ್ಣ. ಕಡುಗೆಂಪು ರಟ್ಟು ಹೋಗಿ 2020ರಲ್ಲಿ ಹಳೆಯ ನೀಲಿ ರಟ್ಟು ಮರಳಿತು. ಅದರ ಮುದ್ರಣದ ಗುತ್ತಿಗೆ ಬ್ರಿಟನ್ನಿನ ಡಿ ಲಾ ರೂ ಸಂಸ್ಥೆಯ ಕೈತಪ್ಪಿ ಫ್ರಾಂಕೋ-ಡಚ್ ಸಂಸ್ಥೆಯಾದ ಜೆಮಾಲ್ಟೋಗೆ ಹೋಯಿತು. ಪುಸ್ತಕಗಳು ತಯಾರಾದದ್ದು ಪೋಲೆಂಡಿನಲ್ಲಿ. ಕಡಿಮೆ ದರ ನಮೂದಿಸಿದವನಿಗೆ ಟೆಂಡರು.

ಇನ್ನು ವ್ಯಾಪಾರದ ಲೆಕ್ಕ. 2020ರ ಜನವರಿ 31ರಂದು ಬ್ರಿಟನ್ ವಿಧ್ಯುಕ್ತವಾಗಿ ಹೊರಬಂದಿತು. ಅದೇ ವರ್ಷದ ಡಿಸೆಂಬರ್ 24ರಂದು ಏರ್ಪಟ್ಟ ವ್ಯಾಪಾರ ಒಪ್ಪಂದದಲ್ಲಿ ಸುಂಕವೂ ಇಲ್ಲ, ಕೋಟಾವೂ ಇಲ್ಲ ಎಂದು ಘೋಷಿಸಲಾಯಿತು. ಸುಂಕವಿಲ್ಲವೆಂದರೆ ಎಲ್ಲವೂ ಮೊದಲಿನಂತೆಯೇ ಎಂದು ಅನೇಕ ಸಣ್ಣ ತಯಾರಕರು ನಂಬಿದರು. 2021ರ ಜನವರಿ 1ರಿಂದ ಅವರಿಗೆ ಎದುರಾದದ್ದು ಸುಂಕವಲ್ಲ, ಕಾಗದ. ಪ್ರತಿ ರವಾನೆಗೂ ಸುಂಕದಕಟ್ಟೆಯ ಘೋಷಣೆ, ಸರಕು ಬ್ರಿಟನ್ನಿನಲ್ಲಿಯೇ ಉತ್ಪತ್ತಿಯಾದದ್ದೆಂಬ ಮೂಲದ ಪುರಾವೆ, ಮಾಂಸ ಮತ್ತು ಹಾಲಿನ ಪದಾರ್ಥಗಳಿಗೆ ಪಶುವೈದ್ಯರ ಪ್ರಮಾಣಪತ್ರ. ಹೊಸ ವ್ಯವಸ್ಥೆಯಲ್ಲಿ ವರ್ಷಕ್ಕೆ 20 ಕೋಟಿಗೂ ಮೀರಿ ಹೆಚ್ಚುವರಿ ಘೋಷಣೆಗಳು ಬೇಕಾಗುತ್ತವೆಂದು ಅಲ್ಲಿನ ಸುಂಕ ಇಲಾಖೆಯೇ ಮುಂಚಿತವಾಗಿ ಅಂದಾಜಿಸಿತ್ತು. ಶುದ್ಧೀಕರಣ ಬೇಕಾದ ಜಲಪ್ರದೇಶಗಳ ಜೀವಂತ ಚಿಪ್ಪುಮೀನಿಗಂತೂ ಒಕ್ಕೂಟದ ಬಾಗಿಲೇ ಮುಚ್ಚಿತು.

ಇಲ್ಲೊಂದು ಮಾತು ಹೇಳದೆ ಮುಂದುವರಿಯಲಾಗದು. ಅತ್ತಿಬೆಲೆಯಂತಹ ತಪಾಸಣಾ ಠಾಣೆಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ದಿನಗಳನ್ನು ನಮ್ಮ ಹಿರಿಯ ಸದಸ್ಯರು ಮರೆತಿರಲಾರರು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾಗಿ ರಾಜ್ಯಗಳ ನಡುವಣ ಆ ತೆರಿಗೆ ಗಡಿಗಳನ್ನು ನಾವು ಕೀಳುತ್ತಿದ್ದ ವರ್ಷಗಳಲ್ಲಿಯೇ ಬ್ರಿಟನ್ ಡೋವರ್ ಮತ್ತು ಕ್ಯಾಲೆಗಳ ನಡುವೆ ಗಡಿಯನ್ನು ನೆಡುತ್ತಿತ್ತು.

ಈ ಕಾಗದದ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ನೂರು ಕಂಟೇನರ್ ಕಳುಹಿಸುವವನಿಗೂ ನಾಲ್ಕು ಪೆಟ್ಟಿಗೆ ಕಳುಹಿಸುವವನಿಗೂ ಒಂದು ರವಾನೆಯ ದಾಖಲೆಗೆ ತಗಲುವ ವೆಚ್ಚ ಹೆಚ್ಚುಕಡಿಮೆ ಅಷ್ಟೇ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 2024ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಕ್ಕೂಟಕ್ಕೆ ರಫ್ತು ಮಾಡುತ್ತಿದ್ದ ಬ್ರಿಟಿಷ್ ಸಂಸ್ಥೆಗಳಲ್ಲಿ ಸುಮಾರು ಶೇ. 14, ಅಂದರೆ 16,400ರಷ್ಟು, ಆ ವ್ಯಾಪಾರವನ್ನೇ ಕೈಬಿಟ್ಟವು. ದೊಡ್ಡ ಸಂಸ್ಥೆಗಳು ಬಹುಮಟ್ಟಿಗೆ ತಡೆದುಕೊಂಡವು. ಮಾಯವಾದವರು ಸಣ್ಣವರು. ಸಾರ್ವಭೌಮತ್ವಕ್ಕೆ ತೆತ್ತ ಬೆಲೆಯನ್ನು ರಾಷ್ಟ್ರವು ಸಮನಾಗಿ ಹಂಚಿಕೊಂಡಿದ್ದರೆ ಈ ಲೇಖನದ ಧಾಟಿಯೇ ಬೇರೆಯಾಗುತ್ತಿತ್ತು.

ಗುಣಮಟ್ಟದ ಗುರುತಿನ ಕಥೆ ಇನ್ನೂ ಬೋಧಪ್ರದ. ಐರೋಪ್ಯ 'ಸಿಇ' ಗುರುತಿಗೆ ಬದಲಾಗಿ 'ಯುಕೆಸಿಎ' ಎಂಬ ಸ್ವದೇಶಿ ಗುರುತನ್ನು ಬ್ರಿಟನ್ 2021ರಲ್ಲಿ ಜಾರಿಗೆ ತಂದಿತು. ಆದರೆ ಎರಡೂ ಮಾರುಕಟ್ಟೆಗೆ ಮಾರುವ ತಯಾರಕನಿಗೆ ಎರಡು ಪರೀಕ್ಷೆ, ಎರಡು ಶುಲ್ಕ. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ, ಕೊನೆಗೆ 2023ರ ಆಗಸ್ಟ್‌ನಲ್ಲಿ, ಬಹುತೇಕ ಸರಕುಗಳಿಗೆ 'ಸಿಇ' ಗುರುತನ್ನೇ ಅನಿರ್ದಿಷ್ಟಾವಧಿಗೆ ಒಪ್ಪುವುದಾಗಿ ಸರ್ಕಾರ ಪ್ರಕಟಿಸಿತು. ಹೊಸ ಗುರುತಿಗೆಂದು ಮೊದಲೇ ಹಣ ವ್ಯಯಿಸಿದ್ದ ಶಿಸ್ತಿನ ಸಂಸ್ಥೆಗಳೇ ಇಲ್ಲಿ ಹೆಚ್ಚು ಕಳೆದುಕೊಂಡವು.

ಇತ್ತ ರಾಷ್ಟ್ರದ ಒಳಗೇ ಒಂದು ಗಡಿ ಮೂಡಿತು. 1998ರ ಶಾಂತಿ ಒಪ್ಪಂದದ ಕಾರಣದಿಂದ ಎರಡು ಐರ್ಲೆಂಡುಗಳ ನಡುವೆ ಸುಂಕದಕಟ್ಟೆ ಹಾಕುವಂತಿರಲಿಲ್ಲವಾಗಿ ತಪಾಸಣೆ ಐರಿಷ್ ಸಮುದ್ರಕ್ಕೆ ಸರಿಯಿತು. ಬ್ರಿಟನ್ನಿನ ಅಂಗಡಿಯಿಂದ ಬ್ರಿಟನ್ನಿನದೇ ಭಾಗವಾದ ಬೆಲ್‌ಫಾಸ್ಟಿಗೆ ಹೋಗುವ ಸರಕಿಗೂ ದಾಖಲೆ ಬೇಕಾಯಿತು. 2023ರ ವಿಂಡ್ಸರ್ ಚೌಕಟ್ಟು ಹಸಿರು ಮತ್ತು ಕೆಂಪು ದಾರಿಗಳೆಂದು ವಿಂಗಡಿಸಿ ಅದನ್ನು ಸಡಿಲಗೊಳಿಸಿತೇ ಹೊರತು ತೆಗೆದುಹಾಕಲಿಲ್ಲ. 2014ರಲ್ಲಿ ಶೇ. 55.3 ಮತದಿಂದ ಬ್ರಿಟನ್ನಿನಲ್ಲಿಯೇ ಉಳಿದ ಸ್ಕಾಟ್ಲೆಂಡಿನ ರಾಷ್ಟ್ರವಾದಿಗಳು, ಒಂದು ಒಕ್ಕೂಟದಿಂದ ಹೊರಬರುವ ಹಕ್ಕು ನಿಮಗಿದ್ದರೆ 1707ರ ಒಕ್ಕೂಟದಿಂದ ಹೊರಬರುವ ಹಕ್ಕು ನಮಗೇಕಿಲ್ಲ ಎಂದು ಕೇಳುತ್ತಲೇ ಇದ್ದಾರೆ.

ನಿರ್ಗಮನದಿಂದ ದೊರೆತ ಲಾಭವನ್ನೂ ನ್ಯಾಯವಾಗಿ ನಮೂದಿಸಬೇಕು. ಒಕ್ಕೂಟದ ಸದಸ್ಯನಾಗಿ ಬ್ರಿಟನ್ ಪ್ರತ್ಯೇಕ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವಂತಿರಲಿಲ್ಲ. ಒಕ್ಕೂಟದೊಡನೆ ಭಾರತ 2007ರಲ್ಲಿ ಆರಂಭಿಸಿದ ಮಾತುಕತೆ 2013ರಲ್ಲಿ ನಿಂತುಹೋಗಿ 2022ರಲ್ಲಷ್ಟೇ ಮತ್ತೆ ಆರಂಭವಾಯಿತು. ಬ್ರಿಟನ್ನಿನೊಡನೆ 2022ರ ಜನವರಿಯಲ್ಲಿ ಪ್ರಾರಂಭಿಸಿದ ಮಾತುಕತೆಗೆ 2025ರ ಜುಲೈ 24ರಂದು ಸಹಿ ಬಿದ್ದಿತು. ಭಾರತದ ಸರಕುಗಳ ಸುಮಾರು ಶೇ. 99 ಸುಂಕ ಶ್ರೇಣಿಗಳಿಗೆ ವಿನಾಯಿತಿ ನೀಡುವ ಈ ಒಪ್ಪಂದ ಬೆಂಗಳೂರಿನ ಸಿದ್ಧ ಉಡುಪಿನವರಿಗೂ ಬೆಳಗಾವಿಯ ಎರಕದ ಕಾರ್ಖಾನೆಗಳಿಗೂ ಸಂಬಂಧಪಟ್ಟದ್ದು. ಇದು ಆ ಮತದಾನದ ಫಲವೇ ಸರಿ.

ಆದರೆ ಒಂದು ಎಚ್ಚರ ಅಗತ್ಯ. ಹಿಂದೆ ಬ್ರಿಟನ್ನಿನ ಉಗ್ರಾಣಕ್ಕೆ ಮಾಲು ಇಳಿಸಿ ಅಲ್ಲಿಂದ ಡಬ್ಲಿನ್ನಿಗೋ ಆಂಸ್ಟರ್‌ಡ್ಯಾಮಿಗೋ ಹಂಚುವುದು ರೂಢಿಯಲ್ಲಿತ್ತು. ಈಗ ಆ ಮಾಲು ಬ್ರಿಟಿಷ್ ಮೂಲದ್ದಾಗುವುದಿಲ್ಲ, ಭಾರತೀಯ ಮೂಲದ್ದಾಗಿಯೇ ಉಳಿಯುತ್ತದೆ. ಬ್ರಿಟನ್ನಿನ ಸುಂಕಮುಕ್ತ ಒಪ್ಪಂದದ ಪ್ರಯೋಜನ ಅದಕ್ಕೆ ಸಿಗದು. 2021ರ ಜುಲೈ 16ರಿಂದ ಬಹುತೇಕ 'ಸಿಇ' ಗುರುತಿನ ಸರಕುಗಳಿಗೆ ಒಕ್ಕೂಟದೊಳಗೇ ನೆಲೆಸಿರುವ ಜವಾಬ್ದಾರ ಪ್ರತಿನಿಧಿ ಇರಬೇಕು. ಲಂಡನ್ನಿನ ಪ್ರತಿನಿಧಿಯ ಹೆಸರು ಅಲ್ಲಿ ಸಲ್ಲದು. ರಾಸಾಯನಿಕಗಳ ನೋಂದಣಿಯೂ ಇಬ್ಭಾಗವಾಗಿದೆ. ಬ್ರಿಟನ್ನಿನ ಖರೀದಿದಾರರೊಡನೆ ಹೊಸ ಒಪ್ಪಂದ ಮಾಡಿಕೊಳ್ಳುವ ಸದಸ್ಯರು ಮಾಲಿನ ಅಂತಿಮ ಗಮ್ಯಸ್ಥಾನ ಯಾವುದು, ಮರುರಫ್ತಾದರೆ ಎರಡನೆಯ ಸುಂಕವನ್ನು ಯಾರು ಭರಿಸತಕ್ಕದ್ದು ಎಂಬ ಎರಡು ಅಂಶಗಳನ್ನು ಬರವಣಿಗೆಯಲ್ಲಿ ಪಡೆಯುವುದು ಒಳಿತು.