ನಿಮಗಿದು ಗೊತ್ತೇ? ಹಾಡುಗಾರನೇ ಪೈಲಟ್!

ರಾತ್ರಿ ವೇದಿಕೆ ಮೇಲೆ ಎರಡು ಗಂಟೆ ಹಾಡಿ, ಕುಣಿದು, ಬೆವರಿಳಿಸಿದ ಗಾಯಕ. ಆಮೇಲೆ ನೋಡಿದರೆ ಪೈಲಟ್ ಸಮವಸ್ತ್ರ ತೊಟ್ಟು ಕಾಕ್‌ಪಿಟ್‌ನಲ್ಲಿ ಕೂತಿದ್ದಾನೆ! ತನ್ನ ತಂಡವನ್ನು ಮುಂದಿನ ಊರಿಗೆ ತಾನೇ ಹಾರಿಸಿಕೊಂಡು ಹೋಗುತ್ತಾನೆ. ಸಿನಿಮಾ ಕಥೆ ಅಂದುಕೊಂಡಿರಾ? ಸಿನಿಮಾ ಹೌದು, ಕಟ್ಟುಕಥೆ ಅಲ್ಲ! ಬ್ರಿಟನ್ನಿನ ರಾಕ್ ತಂಡ ಐರನ್ ಮೇಡನ್‌ನ ಪ್ರವಾಸವನ್ನು ಸೆರೆಹಿಡಿದ ಈ ಸಾಕ್ಷ್ಯಚಿತ್ರದ ಹೆಸರು ‘ಫ್ಲೈಟ್ 666’. ಬಿಡುಗಡೆಯಾದದ್ದು 2009ರಲ್ಲಿ.

ಆ ಗಾಯಕ ಬ್ರೂಸ್ ಡಿಕಿನ್ಸನ್. ಶೋಕಿಗೆ ವಿಮಾನ ಹಾರಿಸಿದವರಲ್ಲ. ಆಸ್ಟ್ರೇಯಸ್ ಎಂಬ ಬ್ರಿಟಿಷ್ ವಿಮಾನಯಾನ ಕಂಪನಿಯಲ್ಲಿ ಆಗ ಅವರು ಕ್ಯಾಪ್ಟನ್ ಆಗಿದ್ದರು! ಹಾಡುವ ಕೆಲಸ ಇಲ್ಲದಾಗ ನಿಮ್ಮಂಥ, ನಮ್ಮಂಥ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುತ್ತಿದ್ದರು.

ಇನ್ನು ಆ ವಿಮಾನ! ಬೋಯಿಂಗ್ 757. ಹಿಂಭಾಗದ ಸೀಟುಗಳನ್ನೆಲ್ಲ ಕಿತ್ತು ಹಾಕಿದರು. ಆ ಜಾಗದಲ್ಲಿ ಡ್ರಮ್, ಗಿಟಾರ್, ಸ್ಪೀಕರ್, ರಂಗಸಜ್ಜಿಕೆ ಎಲ್ಲ ತುಂಬಿದರು. ಸುಮಾರು 12 ಟನ್ ಸಾಮಾನು! ಮುಂಭಾಗದಲ್ಲಿ ಕಲಾವಿದರು, ಕೆಲಸಗಾರರು. ಹೊರಗೆ ಬಾಲದ ಮೇಲೆ ತಂಡದ ಪ್ರಸಿದ್ಧ ಭೂತ ‘ಎಡ್ಡಿ’ಯ ಚಿತ್ರ. ‘ಎಡ್ ಫೋರ್ಸ್ ಒನ್’ ಅಂತ ನಾಮಕರಣವೂ ಆಯಿತು. ಅಮೆರಿಕ ಅಧ್ಯಕ್ಷರ ‘ಏರ್ ಫೋರ್ಸ್ ಒನ್’ ನೆನಪಾಯಿತಲ್ಲವೇ? ಹೆಸರು ಹೊಳೆದದ್ದು ಅಭಿಮಾನಿಗಳಿಗೇ. ಅದಕ್ಕೊಂದು ಸ್ಪರ್ಧೆಯನ್ನೇ ನಡೆಸಿದ್ದರು!

45 ದಿನ, 23 ಕಾರ್ಯಕ್ರಮ, ಸುಮಾರು 80,000 ಕಿಲೋಮೀಟರ್. ಲೆಕ್ಕ ಹಾಕಿ ನೋಡಿ, ಭೂಮಿಗೆ ಎರಡು ಸುತ್ತು ಬಂದಂತಾಯಿತು!

ಈ ಪ್ರವಾಸದ ಮೊದಲ ಕಾರ್ಯಕ್ರಮ ಎಲ್ಲಿ ನಡೆಯಿತು ಗೊತ್ತೇ? ಲಂಡನ್ನಿನಲ್ಲಲ್ಲ, ನ್ಯೂಯಾರ್ಕಿನಲ್ಲೂ ಅಲ್ಲ. ನಮ್ಮ ಮುಂಬೈಯಲ್ಲಿ! 2008ರ ಫೆಬ್ರುವರಿ 1ರಂದು. ಅಲ್ಲಿಂದ ಆಸ್ಟ್ರೇಲಿಯಾ, ಜಪಾನ್, ಅಮೆರಿಕ, ಮೆಕ್ಸಿಕೊ, ಬ್ರೆಜಿಲ್... ಕೊನೆಗೆ ಕೆನಡಾದ ಟೊರಾಂಟೊ.

ಮುಂಬೈಯವರು ಹೆಮ್ಮೆಪಡಲಿ, ಬೇಡ ಅನ್ನುವುದಿಲ್ಲ. ಆದರೆ ಐರನ್ ಮೇಡನ್ ಭಾರತದಲ್ಲಿ ಮೊಟ್ಟಮೊದಲು ಹಾಡಿದ್ದು ಬೆಂಗಳೂರಿನಲ್ಲಿ! ಅರಮನೆ ಮೈದಾನದಲ್ಲಿ, 2007ರ ಮಾರ್ಚ್ 17ರಂದು. ಮುಂಬೈಗಿಂತ ಹತ್ತು ತಿಂಗಳು ಮುಂಚೆ!

ತಂಡಕ್ಕೆ ವಯಸ್ಸೆಷ್ಟು ಅಂತೀರಾ? ಬಾಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ಇದನ್ನು ಪೂರ್ವ ಲಂಡನ್ನಿನಲ್ಲಿ ಕಟ್ಟಿದ್ದು 1975ರ ಕ್ರಿಸ್‌ಮಸ್ ದಿನ. ಎಷ್ಟೋ ಜನ ಬಂದರು, ಹೋದರು. ಹ್ಯಾರಿಸ್ ಮಾತ್ರ ಕದಲಲಿಲ್ಲ!

2024ರವರೆಗೆ ತಂಡದ ಪ್ರವಾಸಗಳಲ್ಲಿ ಡ್ರಮ್ ಬಾರಿಸಿದ ನಿಕೋ ಮೆಕ್‌ಬ್ರೇನ್ ಕಾಲಿಗೆ ಏನು ಹಾಕುತ್ತಿದ್ದರು? ಏನೂ ಇಲ್ಲ! ಬರಿಗಾಲಲ್ಲೇ ಪೆಡಲ್ ತುಳಿಯುತ್ತಿದ್ದರು.

ಈಗ ಕೊಲಂಬಿಯಾದ ಬೊಗೊಟಾಕ್ಕೆ ಬನ್ನಿ. ನನ್ನ ಪಾಲಿಗೆ ಚಿತ್ರದ ಜೀವ ಇರುವುದೇ ಇಲ್ಲಿ. ಆ ದೇಶಕ್ಕೆ ಐರನ್ ಮೇಡನ್ ಬಂದದ್ದೇ ಅದು ಮೊದಲು. ಎಷ್ಟು ವರ್ಷ ಕಾದಿದ್ದರೋ! ಹುಡುಗರು ದಿನಗಟ್ಟಲೆ ಮುಂಚೆಯೇ ಬಂದು ಬೀದಿಯಲ್ಲಿ ಗುಡಾರ ಹಾಕಿ ಮಲಗಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬನ ಕೈಗೆ ನಿಕೋ ಅವರ ಡ್ರಮ್ ಕೋಲು ಸಿಕ್ಕಿಬಿಟ್ಟಿದೆ. ಕೂಗಲಿಲ್ಲ, ಕುಣಿಯಲಿಲ್ಲ. ಕೋಲನ್ನು ಹಿಡಿದುಕೊಂಡು ಸುಮ್ಮನೆ ಅಳುತ್ತಾನೆ! ಅಷ್ಟೇ ದೃಶ್ಯ. ನೋಡಿದರೆ ನಿಮ್ಮ ಕಣ್ಣೂ ತೇವವಾಗುತ್ತದೆ.

1992ರಲ್ಲಿ ಚಿಲಿ ದೇಶದಲ್ಲಿ ಇವರ ಕಾರ್ಯಕ್ರಮವೇ ರದ್ದಾಗಿತ್ತು. ಕಾರಣ? ಇವರದು ಸೈತಾನನ ಸಂಗೀತ ಅಂತ ಚರ್ಚಿನ ಕಡೆಯಿಂದ ವಿರೋಧ! ತಮಾಷೆ ಕೇಳಿ. ಇದೇ ಚಿತ್ರದಲ್ಲಿ ಬ್ರೆಜಿಲ್‌ನ ಪಾದ್ರಿಯೊಬ್ಬರು ಬರುತ್ತಾರೆ. ಅವರ ಮೈಮೇಲೆ ಐರನ್ ಮೇಡನ್ ಹಚ್ಚೆಗಳು ನೂರಕ್ಕೂ ಹೆಚ್ಚು!

ಕ್ಯಾಮೆರಾ ಹಿಡಿದು ಜೊತೆಗೆ ಸುತ್ತಿದವರು ಕೆನಡಾದ ಸ್ಯಾಮ್ ಡನ್ ಮತ್ತು ಸ್ಕಾಟ್ ಮೆಕ್‌ಫೇಡನ್. ಇವರಲ್ಲಿ ಸ್ಯಾಮ್ ಡನ್ ಓದಿದ್ದು ಮಾನವಶಾಸ್ತ್ರ! ವೇದಿಕೆಯಷ್ಟೇ ಆಸಕ್ತಿಯಿಂದ ಅವರ ಕ್ಯಾಮೆರಾ ಜನರ ಮುಖಗಳನ್ನೂ ನೋಡುತ್ತದೆ.

ಪ್ರವಾಸದಲ್ಲಿ ಹಾಡಿದ ಹಾಡೊಂದರ ಉದ್ದ 13 ನಿಮಿಷಕ್ಕೂ ಹೆಚ್ಚು. ಅದಕ್ಕೆ ಮೂಲ ಇಂಗ್ಲಿಷ್ ಕವಿ ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ಕವನ. ಹೌದು, ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಓದಿಸುತ್ತಾರಲ್ಲ, ಆ ಮುದಿ ನಾವಿಕನ ಕಥೆಯೇ!

ಡಿಕಿನ್ಸನ್ 757ಕ್ಕೇ ನಿಲ್ಲಲಿಲ್ಲ. 2015ರಲ್ಲಿ ಅವರಿಗೆ ಕ್ಯಾನ್ಸರ್ ಇರುವುದು ಬಹಿರಂಗವಾಯಿತು. ಚಿಕಿತ್ಸೆ ಪಡೆದು ಗುಣವಾದರು. 2016ರ ಪ್ರವಾಸಕ್ಕೆ ಮತ್ತೆ ಕಾಕ್‌ಪಿಟ್ ಏರಿದರು. ಈ ಬಾರಿ ಹಾರಿಸಿದ್ದು ನಾಲ್ಕು ಎಂಜಿನ್‌ಗಳ ಜಂಬೋ ಜೆಟ್, ಬೋಯಿಂಗ್ 747! ಅದಕ್ಕಾಗಿ ಹೊಸದಾಗಿ ತರಬೇತಿಯನ್ನೂ ಪಡೆದರು.

ಕೊನೆಯದಾಗಿ ಇದನ್ನು ಕೇಳಿ. ಈ ಪ್ರವಾಸದ ಧ್ವನಿಮುದ್ರಿಕೆಯಲ್ಲಿ ಒಂದೊಂದು ಹಾಡು ಒಂದೊಂದು ಊರಿನದು. ಮೊದಲ ಹಾಡು ‘ಏಸಸ್ ಹೈ’. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಪೈಲಟ್‌ಗಳ ಕುರಿತ ಹಾಡು. ಅದು ಹೊರಬಂದದ್ದು 1984ರಲ್ಲಿ. ಡಿಕಿನ್ಸನ್ ಆಗಿನ್ನೂ ಪೈಲಟ್ ಆಗಿರಲೇ ಇಲ್ಲ! ಚಿತ್ರ ಸಿಕ್ಕರೆ ಆ ಹಾಡನ್ನು ತಪ್ಪಿಸಿಕೊಳ್ಳಬೇಡಿ. ಅದಕ್ಕೆ ದನಿಗೂಡಿಸಿ ಕೂಗುತ್ತಿರುವ ಜನ ಮುಂಬೈಯವರು!