ದಿನಬಳಕೆಗೊಂದು ಲೈನಿಂಗ್ ಸ್ಕರ್ಟ್: ನೀವೇ ಹೊಲಿಯಿರಿ

ಮನೆಯಲ್ಲಿದ್ದರೆ ನೈಟಿ, ಹೊರಗೆ ಹೊರಟರೆ ಸೀರೆ ಇಲ್ಲವೇ ಚೂಡಿದಾರ್. ನಮ್ಮಲ್ಲಿ ಅನೇಕರ ಬೀರುವಿನಲ್ಲಿ ಇವುಗಳ ನಡುವೆ ಬೇರೇನೂ ಇರುವುದಿಲ್ಲ. ಕಾಲಿಂಗ್ ಬೆಲ್ ಆದರೆ ಸಾಕು, ಹೆಗಲ ಮೇಲೆ ಹೊದೆಯಲು ಟವಲ್ ಹುಡುಕಾಟ! ಸ್ಕರ್ಟ್ ಕೊಳ್ಳೋಣವೆಂದರೆ ಅದೋ ತೆಳು ಕಾಟನ್, ಬೆಳಕಿಗೆ ನಿಂತರೆ ಕಾಲೆಲ್ಲ ಕಾಣುತ್ತೆ. ಒಳಗೆ ಪೆಟಿಕೋಟ್ ಹಾಕ್ಕೊಂಡರೆ ಎಲಾಸ್ಟಿಕ್ ಕೆಳಗೆ ಲಾಡಿ ಬಿಗಿದು ಸೊಂಟ ಉರಿ. ಸ್ಕರ್ಟಿಗೇ ಲೈನಿಂಗ್ ಕೊಟ್ಟು ಹೊಲಿದರೆ ಈ ಪೇಚಾಟವಿಲ್ಲ. ಮಷಿನ್‌ನಲ್ಲಿ ನೇರ ಹೊಲಿಗೆ ಹಾಕಲು ಬಂದರೆ ಸಾಕು.

ಬಟ್ಟೆ ಎಷ್ಟು?

ಸೀಟಿನ ಸುತ್ತಳತೆ 40 ಇಂಚು, ಸ್ಕರ್ಟಿನ ಉದ್ದ 36 ಇಂಚು ಎಂದುಕೊಳ್ಳಿ. 44 ಇಂಚು ಪನ್ನದ ಕಾಟನ್ ಎರಡೂಕಾಲು ಮೀಟರ್, ಲೈನಿಂಗಿಗೆ ಅದೇ ಪನ್ನದ ಮಲ್ ಅಥವಾ ತೆಳು ಪಾಪ್ಲಿನ್ ಎರಡು ಮೀಟರ್, ಒಂದು ಇಂಚು ಅಗಲದ ಎಲಾಸ್ಟಿಕ್ ಒಂದು ಮೀಟರ್ ಬೇಕು. ಸಿಂಥೆಟಿಕ್ ಲೈನಿಂಗ್ ಬೇಡ, ಬೇಸಿಗೆಯಲ್ಲಿ ಕಾಲಿಗೆ ಅಂಟುತ್ತದೆ. ಕತ್ತರಿಸುವ ಮೊದಲು ಎರಡೂ ಬಟ್ಟೆಯನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಇದನ್ನು ಬಿಟ್ಟರೆ ಮೊದಲ ಒಗೆತದಲ್ಲೇ ಲೈನಿಂಗ್ ಕುಗ್ಗಿ ಮೇಲ್ಬಟ್ಟೆಯನ್ನು ಎಳೆದೀತು!

ಕತ್ತರಿಸುವುದು

ಮೇಲ್ಬಟ್ಟೆ: 31 ಇಂಚು ಅಗಲ, ಮೂವತ್ತೊಂಬತ್ತೂವರೆ ಇಂಚು ಉದ್ದದ ಎರಡು ತುಂಡು.

ಲೈನಿಂಗ್: 24 ಇಂಚು ಅಗಲ, 37 ಇಂಚು ಉದ್ದದ ಎರಡು ತುಂಡು.

ನಿಮ್ಮ ಅಳತೆ ಬೇರೆಯಾದರೆ, ಹೊಲಿದ ಮೇಲೆ ಮೇಲ್ಬಟ್ಟೆಯ ಸುತ್ತಳತೆ ಸೀಟಿನ ಒಂದೂವರೆ ಪಟ್ಟು, ಲೈನಿಂಗಿನದು ಸೀಟಿಗಿಂತ 6 ಇಂಚು ಹೆಚ್ಚು ಇರಲಿ. ಲೈನಿಂಗ್ ತೀರಾ ಬಿಗಿಯಾದರೆ ನೆಲದ ಮೇಲೆ ಕೂರುವಾಗ ಹೊಲಿಗೆ ಬಿಡುತ್ತದೆ.

ಹೊಲಿಯುವುದು

1. ಅರ್ಧ ಇಂಚು ಬಿಟ್ಟು ಎರಡೂ ಬಟ್ಟೆಯ ಪಕ್ಕಗಳನ್ನು ಬೇರೆಬೇರೆಯಾಗಿ ಹೊಲಿಯಿರಿ. ಲೈನಿಂಗಿನ ಎರಡೂ ಪಕ್ಕ ಕೆಳಗಿನ 10 ಇಂಚು ಹೊಲಿಯದೆ ಬಿಟ್ಟು, ಆ ಅಂಚುಗಳನ್ನು ಮಡಚಿ ಹೊಲಿಯಿರಿ. ಬಸ್ಸಿನ ಮೆಟ್ಟಿಲು ಹತ್ತಲು ಈ ಸೀಳು ಬೇಕೇ ಬೇಕು.

2. ಕೆಳಗಿನ ಅಂಚಿಗೆ ಮೇಲ್ಬಟ್ಟೆಯಲ್ಲಿ ಒಂದೂವರೆ ಇಂಚು, ಲೈನಿಂಗಿನಲ್ಲಿ ಒಂದು ಇಂಚು ಮಡಚಿ ಹೊಲಿಯಿರಿ. ಆಗ ಲೈನಿಂಗ್ 2 ಇಂಚು ಗಿಡ್ಡವಾಗಿ, ಹೊರಗೆ ಇಣುಕುವುದಿಲ್ಲ.

3. ಮೇಲ್ಬಟ್ಟೆಯ ಸೊಂಟದ ಅಂಚಿನ ಅರ್ಧ ಇಂಚಿನೊಳಗೆ ಎರಡು ಸಾಲು ಸಡಿಲ ಹೊಲಿಗೆ ಹಾಕಿ. ಲೈನಿಂಗನ್ನು ಅದರೊಳಗೆ ಇಡಿ. ಎರಡರ ಉಲ್ಟಾ ಭಾಗ ಎದುರುಬದುರಾಗಿರಲಿ, ಆಗ ದಾರದ ಎಳೆಗಳು ನಡುವೆ ಅಡಗುತ್ತವೆ. ದಾರ ಎಳೆದು ನೆರಿಗೆಯನ್ನು ಲೈನಿಂಗಿನ ಅಳತೆಗೆ ತಂದು, ಪಕ್ಕದ ಹೊಲಿಗೆಗಳನ್ನು ಕೂಡಿಸಿ ಕಚ್ಚಾ ಹೊಲಿಗೆ ಹಾಕಿ.

4. ಎರಡನ್ನೂ ಸೇರಿಸಿ ಒಳಕ್ಕೆ ಮೊದಲು ಅರ್ಧ ಇಂಚು, ಮತ್ತೆ ಒಂದೂವರೆ ಇಂಚು ಮಡಚಿ ಹೊಲಿಯಿರಿ. ಎಲಾಸ್ಟಿಕ್ ತೂರಿಸಲು 2 ಇಂಚು ಬಿಡಿ.

5. ಎಲಾಸ್ಟಿಕ್ ಸೊಂಟದ ಅಳತೆಗಿಂತ ಒಂದು ಇಂಚು ಕಡಿಮೆ ಇರಲಿ. ಪಿನ್ ಸಿಕ್ಕಿಸಿ ತೂರಿಸಿ, ತುದಿಗಳನ್ನು ಒಂದರ ಮೇಲೊಂದು ಒಂದು ಇಂಚು ಇಟ್ಟು ಗಟ್ಟಿಯಾಗಿ ಹೊಲಿದು, ಬಿಟ್ಟ ಜಾಗ ಮುಚ್ಚಿ. ಎರಡೂ ಪಕ್ಕಗಳಲ್ಲಿ ಎಲಾಸ್ಟಿಕ್ ಮೇಲೆ ಲಂಬವಾಗಿ ಒಂದೊಂದು ಹೊಲಿಗೆ ಹಾಕಿದರೆ ಅದು ಒಳಗೆ ಹೊರಳುವುದಿಲ್ಲ.

ಹಳೆ ಸೀರೆಯಿದೆಯೇ?

ಸೆರಗು ಹರಿದ ಕಾಟನ್ ಸೀರೆಯನ್ನು ಎಸೆಯಬೇಡಿ. ಬೆಳಕಿಗೆ ಹಿಡಿದು, ಮೆಲ್ಲಗೆ ಎಳೆದು ನೋಡಿ. ಗಟ್ಟಿಯಿರುವ ಕಡೆ 61 ಇಂಚು ಕತ್ತರಿಸಿ. ಸೀರೆಯ ಅಗಲವೇ ಸ್ಕರ್ಟಿನ ಉದ್ದ. ಅಂಚು ಕೆಳಗೆ ಬರಲಿ, ಮಡಚುವ ಕೆಲಸವೇ ಇಲ್ಲ. ಮೇಲೆ ಹೆಚ್ಚಾದದ್ದನ್ನು ತೆಗೆದು 38 ಇಂಚು ಉಳಿಸಿಕೊಳ್ಳಿ. ಒಂದೇ ಪಕ್ಕ ಹೊಲಿದರಾಯಿತು.

ಹೊಸದಾಗಿ ಹೊಲಿಯುವವರು ಈ ಸೀರೆಯಿಂದಲೇ ಶುರು ಮಾಡಿ, ಕೈ ಪಳಗಿದ ಮೇಲೆ ಹೊಸ ಬಟ್ಟೆ ತನ್ನಿ. ಮಕ್ಕಳು ಶಾಲೆಗೆ, ಯಜಮಾನರು ಆಫೀಸಿಗೆ ಹೋದ ಮೇಲೆ ಎರಡು ಮಧ್ಯಾಹ್ನ ಕೂತರೆ ಸ್ಕರ್ಟ್ ಸಿದ್ಧ. ತರಕಾರಿ ಗಾಡಿಯ ಕೂಗು ಕೇಳಿದಾಗ ಬಟ್ಟೆ ಬದಲಿಸದೆ, ಮುಜುಗರವಿಲ್ಲದೆ ಗೇಟಿನವರೆಗೆ ಹೋಗಬಹುದಲ್ಲ, ಅಷ್ಟು ನೆಮ್ಮದಿ ಸಾಕಲ್ಲವೇ?